ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರ ಕ್ಯಾನ್ಸರ್

2023ರ ಜೂನ್ 7ರಂದು ಇಟಲಿಯ ನೊವಾರಾ ನಗರದ ನ್ಯಾಯಾಲಯ ಸ್ವಿಟ್ಜರ್ಲೆಂಡಿನ ಉದ್ಯಮಿ ಸ್ಟೀಫನ್ ಶ್ಮಿಡ್‌ಹೈನಿಗೆ ಹನ್ನೆರಡು ವರ್ಷಗಳ ಸೆರೆವಾಸ ವಿಧಿಸಿತು. ಕಸಾಲೆ ಮೊನ್‌ಫೆರಾತೊ ಎಂಬ ಪಟ್ಟಣದಲ್ಲಿದ್ದ, ಅವರು ಹಿಂದೆ ಮುಖ್ಯಸ್ಥರಾಗಿದ್ದ ಎಟರ್ನಿಟ್ ಕಂಪನಿಯ ಕಾರ್ಖಾನೆಯ ಕಲ್ನಾರು ದೂಳಿನಿಂದ ಸತ್ತವರೆಂದು ಸರ್ಕಾರಿ ವಕೀಲರು ಕೊಟ್ಟಿದ್ದ ಪಟ್ಟಿಯಲ್ಲಿ 392 ಹೆಸರುಗಳಿದ್ದವು. ಅವರಲ್ಲಿ ಕಾರ್ಖಾನೆಯಲ್ಲಿ ದುಡಿದವರು 62 ಮಂದಿ. ಉಳಿದ 330 ಮಂದಿ ಊರಿನವರು.

ಒಂದು ಮೊಕದ್ದಮೆಯ ಪಟ್ಟಿಯನ್ನು ಇಡೀ ಊರಿನ ಸಾವಿನ ಲೆಕ್ಕವೆಂದು ಓದಬಾರದು, ನಿಜ. ಯಾವ ಸಾವು ಯಾವ ಮೊಕದ್ದಮೆಗೆ ಸೇರಬೇಕು ಎಂಬುದಕ್ಕೆ ಕಾನೂನಿನದೇ ಕಾರಣಗಳಿರುತ್ತವೆ. ಆದರೂ ಕಲ್ನಾರಿನ ಬಗ್ಗೆ ಎಲ್ಲೆಡೆ ಬೇರೂರಿರುವ ಒಂದು ನಂಬಿಕೆಯನ್ನು ಆ ಎರಡು ಅಂಕಿಗಳು ಅಲುಗಾಡಿಸುತ್ತವೆ. ಕಲ್ನಾರಿನ ಕಾಯಿಲೆ ಕಾರ್ಮಿಕರ ಕಾಯಿಲೆ, ಗಣಿಯೊಳಗೆ ಇಳಿದವರಿಗೆ, ಯಂತ್ರದ ಮುಂದೆ ನಿಂತವರಿಗೆ ಬರುವಂಥದ್ದು ಎಂಬುದು ಆ ನಂಬಿಕೆ. ಕಾನೂನುಗಳು, ಪರಿಹಾರ ಯೋಜನೆಗಳು, ವೈದ್ಯಕೀಯ ತಪಾಸಣೆಯ ನಿಯಮಗಳು ಎಲ್ಲವೂ ಇದರ ಮೇಲೆಯೇ ನಿಂತಿವೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಮನುಷ್ಯ ಲೆಕ್ಕಕ್ಕೆ ಸಿಗುತ್ತಾನೆ, ಇಲ್ಲದಿದ್ದರೆ ಇಲ್ಲ. ದೂಳು ಮಾತ್ರ ಕಾಂಪೌಂಡ್ ಗೋಡೆಯನ್ನು ಯಾವತ್ತೂ ಗೌರವಿಸಿಲ್ಲ. ಹಾಗಾಗಿ ಕಲ್ನಾರಿನಿಂದ ಕಲುಷಿತವಾದ ನೆಲದ ಪಕ್ಕದಲ್ಲಿ ಬದುಕಿದವರ ವಿಷಯದಲ್ಲಿ ಉದ್ಯೋಗದ ದಾಖಲೆಗೆ ಇರುವ ಬೆಲೆಯೇ ವಾಸದ ವಿಳಾಸಕ್ಕೂ ಸಿಗಬೇಕು. ಇದು ದಯೆಯ ಬೇಡಿಕೆಯಲ್ಲ. ಅರವತ್ತು ವರ್ಷಗಳಿಗೂ ಮೀರಿದ ವೈಜ್ಞಾನಿಕ ಪುರಾವೆ ಇದರ ಹಿಂದಿದೆ.

ಕಸಾಲೆಯಲ್ಲಿ ದೂಳು ಊರಿಗೆ ಬಂದದ್ದು ಹೇಗೆ ಎಂದು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಪೊ ನದಿಯ ದಡದ ಈ ಪಟ್ಟಣದ ಜನಸಂಖ್ಯೆ ಸುಮಾರು 35,000. 1907ರಲ್ಲಿ ಶುರುವಾದ ಕಾರ್ಖಾನೆ 1986ರಲ್ಲಿ ದಿವಾಳಿಯಾಗಿ ಮುಚ್ಚುವವರೆಗೆ ಅಲ್ಲಿ ಕಲ್ನಾರು ಮತ್ತು ಸಿಮೆಂಟ್ ಬೆರೆಸಿ ಶೀಟು, ಕೊಳವೆಗಳನ್ನು ಮಾಡುತ್ತಿದ್ದರು. ಒಳಗಿನ ದೂಳನ್ನು ಫ್ಯಾನುಗಳು ಹೊರಗೆ ತಳ್ಳುತ್ತಿದ್ದವು. ಕಚ್ಚಾ ಕಲ್ನಾರಿನ ಚೀಲಗಳು ರೈಲು ನಿಲ್ದಾಣದಿಂದ ಊರಿನ ಬೀದಿಗಳಲ್ಲೇ ಬರುತ್ತಿದ್ದವು. ಕಾರ್ಖಾನೆಯ ಕೆಸರು ನೀರು ನದಿಗೆ ಸೇರಿ ದಂಡೆಯಲ್ಲಿ ಗಟ್ಟಿಯಾಗಿ ಒಂದು ಬಿಳಿಯ ತೀರವೇ ಆಯಿತು. ಬೇಸಿಗೆಯಲ್ಲಿ ಊರಿನವರು ಅಲ್ಲಿ ಈಜಲು ಹೋಗುತ್ತಿದ್ದರು. ಕೆಲಸಗಾರರು ತೊಟ್ಟ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದರು, ಆ ಬಟ್ಟೆಯನ್ನು ಕೊಡವಿ ಒಗೆಯುವ ಕೆಲಸ ಹೆಂಡತಿಯರದು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಉಚಿತವಾಗಿ ಅಥವಾ ಅಗ್ಗವಾಗಿ ಸಿಗುತ್ತಿದ್ದ ಒಂದು ಪುಡಿ. ಕೊಳವೆಗಳ ತುದಿಯನ್ನು ಯಂತ್ರದಲ್ಲಿ ಕಡೆದಾಗ ಉದುರುವ ಈ ಪುಡಿಯನ್ನು ಊರಿನವರು ‘ಪೊಲ್ವೆರಿನೊ’ ಎನ್ನುತ್ತಿದ್ದರು. ಅದನ್ನು ಅಂಗಳಕ್ಕೆ ಹರಡಿ ತುಳಿದರೆ ನೆಲ ಗಟ್ಟಿಯಾಗುತ್ತಿತ್ತು, ಮಳೆಗಾಲದಲ್ಲಿ ಕೆಸರಾಗುತ್ತಿರಲಿಲ್ಲ. ಅಟ್ಟದ ಮೇಲೆ ಹರಡಿದರೆ ಚಳಿಗಾಲದಲ್ಲಿ ಮನೆ ಬೆಚ್ಚಗಿರುತ್ತಿತ್ತು. ಆ ಅಂಗಳಗಳಲ್ಲಿ ಮಕ್ಕಳು ಆಡಿದರು, ಆ ಅಟ್ಟಗಳ ಕೆಳಗೆ ಸಂಸಾರಗಳು ಮಲಗಿದವು. ಕಾರ್ಖಾನೆ ಮುಚ್ಚಿದ ಮೇಲೂ ಪುಡಿ ಮನೆಗಳಲ್ಲೇ ಉಳಿಯಿತು. ಯಾರ ಅಟ್ಟದಲ್ಲಿದೆ, ಯಾರ ಅಂಗಳದಲ್ಲಿದೆ ಎಂದು ಹುಡುಕಿ ತೆಗೆಸುವುದಕ್ಕೆ ಸರ್ಕಾರ ದಶಕಗಳ ಕಾಲ ಹಣ ಸುರಿಯಬೇಕಾಯಿತು. ಕಸಾಲೆ ಮತ್ತು ಸುತ್ತಲಿನ ಊರುಗಳು ಸೇರಿ 48 ಪುರಸಭೆಗಳ ವ್ಯಾಪ್ತಿಯನ್ನು ರಾಷ್ಟ್ರೀಯ ಮಹತ್ವದ ಕಲುಷಿತ ಪ್ರದೇಶವೆಂದು ಇಟಲಿ ಘೋಷಿಸಿತು.

ಊರಿನ ಸಂತ್ರಸ್ತರ ಸಂಘವನ್ನು ಬಹುಕಾಲ ಮುನ್ನಡೆಸಿದ ರೊಮಾನಾ ಬ್ಲಸೋತ್ತಿ ಪವೇಸಿ ಇಟಲಿಯಲ್ಲಿ ಮನೆಮಾತಾದ ಹೆಸರು. 2024ರಲ್ಲಿ, 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗಂಡ, ಸೋದರಿ, ಸೋದರಳಿಯ, ಒಬ್ಬ ಸೋದರಸಂಬಂಧಿ, ಕೊನೆಗೆ ಸ್ವಂತ ಮಗಳು, ಹೀಗೆ ಐವರನ್ನು ಅವರು ಒಂದೇ ಕಾಯಿಲೆಗೆ ಕಳೆದುಕೊಂಡಿದ್ದರು. ಐವರಲ್ಲಿ ಕಾರ್ಖಾನೆಯ ಸಂಬಳ ಪಡೆದವರು ಗಂಡ ಒಬ್ಬರೇ. ಪರಿಹಾರದ ಹಳೆಯ ನಿಯಮಗಳ ಪ್ರಕಾರ ಈ ಕುಟುಂಬದಲ್ಲಿ ಒಂದು ಸಾವಿಗೆ ಮಾತ್ರ ಕಾರಣವಿದೆ. ಉಳಿದ ನಾಲ್ಕು ಬರೀ ದುರದೃಷ್ಟ!

ಆ ಕಾಯಿಲೆಯ ಹೆಸರು ಮೆಸೊಥೀಲಿಯೋಮಾ. ಶ್ವಾಸಕೋಶವನ್ನೋ ಹೊಟ್ಟೆಯ ಅಂಗಗಳನ್ನೋ ಸುತ್ತಿರುವ ತೆಳುವಾದ ಪೊರೆಯಲ್ಲಿ ಹುಟ್ಟುವ ಈ ಕ್ಯಾನ್ಸರ್ ಪತ್ತೆಯಾದ ಮೇಲೆ ಬಹುತೇಕ ರೋಗಿಗಳು ಒಂದೆರಡು ವರ್ಷದಲ್ಲಿ ಸಾಯುತ್ತಾರೆ. ಕಲ್ನಾರಿನ ಸಂಪರ್ಕವೇ ಇಲ್ಲದ ಕಡೆ ಇದು ತೀರಾ ಅಪರೂಪ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಕಸಾಲೆ ಮತ್ತು ಅದರ ಆಸುಪಾಸಿನಲ್ಲಿ ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಪ್ರತಿವರ್ಷ ಹತ್ತಾರು ಹೊಸ ರೋಗಿಗಳು ಪತ್ತೆಯಾಗುತ್ತಾ ಬಂದಿದ್ದಾರೆ. ಕಾರ್ಖಾನೆಯ ಮಗ್ಗುಲಲ್ಲೇ ವಾಸವಿದ್ದವರಲ್ಲಿ ಅಪಾಯ ಸುಮಾರು ಹತ್ತು ಪಟ್ಟು ಹೆಚ್ಚಿತ್ತು, ದೂರ ಹೋದಂತೆ ಅದು ಇಳಿಯುತ್ತಿತ್ತು ಎಂದು ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದರು.

ಇದು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು.

1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಎದೆರೋಗಗಳ ವೈದ್ಯರಾಗಿದ್ದ ಕ್ರಿಸ್ಟೋಫರ್ ಸ್ಲೆಗ್ಸ್ ಒಂದು ವಿಚಿತ್ರವನ್ನು ಗಮನಿಸಿದರು. ಎದೆಯಲ್ಲಿ ನೀರು ತುಂಬಿ ಕ್ಷಯವೆಂದು ಆಸ್ಪತ್ರೆಗೆ ಸೇರಿದವರಲ್ಲಿ ಕೆಲವರು ಕ್ಷಯದ ಔಷಧಿಗೆ ಜಗ್ಗುತ್ತಲೇ ಇರಲಿಲ್ಲ. ಅಂಥವರೆಲ್ಲ ಕಿಂಬರ್ಲಿಯ ಪಶ್ಚಿಮ ದಿಕ್ಕಿನಿಂದ, ನೀಲಿ ಕಲ್ನಾರಿನ ಗಣಿಗಳಿದ್ದ ಗುಡ್ಡಗಾಡಿನಿಂದ ಬಂದವರು. ಸ್ಲೆಗ್ಸ್, ರೋಗಶಾಸ್ತ್ರಜ್ಞ ಜೆ.ಸಿ. ವ್ಯಾಗ್ನರ್ ಮತ್ತು ಪಾಲ್ ಮಾರ್ಚಂಡ್ 1960ರಲ್ಲಿ 33 ಮೆಸೊಥೀಲಿಯೋಮಾ ಪ್ರಕರಣಗಳ ವರದಿ ಪ್ರಕಟಿಸಿದರು. ಕಲ್ನಾರಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ಜಗತ್ತು ಒಪ್ಪುವಂತೆ ಮಾಡಿದ್ದು ಆ ವರದಿ. ಅದರಲ್ಲಿದ್ದ ರೋಗಿಗಳ ಕಸುಬುಗಳನ್ನು ನೋಡಬೇಕು: ಗೃಹಿಣಿಯರು, ಮನೆಗೆಲಸದವರು, ದನ ಕಾಯುವವರು, ರೈತರು, ಒಬ್ಬ ವಿಮಾ ಏಜೆಂಟ್, ಒಬ್ಬ ಲೆಕ್ಕಿಗ. ಚಿಕ್ಕವರಿದ್ದಾಗ ಗಣಿಯ ತ್ಯಾಜ್ಯದ ದಿಬ್ಬಗಳ ಮೇಲೆ ಆಡಿ ಬೆಳೆದವರೂ ಅವರಲ್ಲಿದ್ದರು. ಈ ಕ್ಯಾನ್ಸರಿನ ಮೊದಲ ದೊಡ್ಡ ಅಧ್ಯಯನದಲ್ಲೇ ನೆರೆಹೊರೆಯವರಿದ್ದರು ಎಂಬುದನ್ನು ಮರೆಯಬಾರದು. ಅವರು ಆಮೇಲೆ ಪತ್ತೆಯಾದ ಅಡ್ಡಪರಿಣಾಮವಲ್ಲ.

ಐದು ವರ್ಷದ ನಂತರ, 1965ರಲ್ಲಿ, ಲಂಡನ್ನಿನ ಮುರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಇದನ್ನೇ ಅಂಕಿಗಳಲ್ಲಿ ತೋರಿಸಿದರು. ಲಂಡನ್ ಆಸ್ಪತ್ರೆಯ ಮೆಸೊಥೀಲಿಯೋಮಾ ರೋಗಿಗಳಲ್ಲಿ ಕಲ್ನಾರಿನ ಕೆಲಸವನ್ನೇ ಮಾಡದ, ಮನೆಯಲ್ಲೂ ಅಂಥ ಕೆಲಸಗಾರರಿಲ್ಲದ 36 ಮಂದಿಯನ್ನು ಅವರು ಬೇರೆಯಾಗಿ ನೋಡಿದರು. ಅವರಲ್ಲಿ 11 ಮಂದಿ, ಅಂದರೆ ನೂರಕ್ಕೆ ಮೂವತ್ತರಷ್ಟು, ಕಲ್ನಾರು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು. ಹೋಲಿಕೆಗೆಂದು ಆಯ್ದ ಇತರ ರೋಗಿಗಳಲ್ಲಿ ಅಂಥವರ ಪ್ರಮಾಣ ನೂರಕ್ಕೆ ಎಂಟಕ್ಕಿಂತ ಕಡಿಮೆ. ಕಸಾಲೆಯ ಕಾರ್ಖಾನೆ ಈ ಅಧ್ಯಯನ ಪ್ರಕಟವಾದ ಮೇಲೂ ಇಪ್ಪತ್ತೊಂದು ವರ್ಷ ನಡೆಯಿತು.

ಜಪಾನಿನ ಅಮಗಸಾಕಿ ನಗರದ ಕಥೆ ಇನ್ನೂ ನಿಖರವಾಗಿದೆ. ಅಲ್ಲಿ ಕುಬೋಟಾ ಕಂಪನಿ 1957ರಿಂದ 1975ರವರೆಗೆ ನೀರಿನ ಕೊಳವೆಗಳಿಗೆ ನೀಲಿ ಕಲ್ನಾರು ಬಳಸುತ್ತಿತ್ತು. 2005ರ ಜೂನ್‌ನಲ್ಲಿ ಕಾರ್ಮಿಕರ ಸಾವುಗಳ ಜೊತೆಗೆ ಸುತ್ತಲಿನ ನಿವಾಸಿಗಳ ಕಾಯಿಲೆಯೂ ಬಯಲಾದಾಗ ಇಡೀ ಜಪಾನ್ ಬೆಚ್ಚಿಬಿತ್ತು. ಸಂಶೋಧಕರಾದ ಕುರುಮತಾನಿ ಮತ್ತು ಕುಮಗಾಯಿ ರೋಗಿಗಳ ಹಳೆಯ ವಿಳಾಸಗಳನ್ನು ನಕಾಶೆಯ ಮೇಲೆ ಗುರುತಿಸಿದರು. ಕಾರ್ಖಾನೆಯಿಂದ 300 ಮೀಟರ್ ಒಳಗೆ ವಾಸವಿದ್ದವರಲ್ಲಿ ಮೆಸೊಥೀಲಿಯೋಮಾ ಸಾವಿನ ಪ್ರಮಾಣ ನಿರೀಕ್ಷೆಗಿಂತ ಗಂಡಸರಲ್ಲಿ ಸುಮಾರು 14 ಪಟ್ಟು, ಹೆಂಗಸರಲ್ಲಿ 41 ಪಟ್ಟು ಹೆಚ್ಚಿತ್ತು. ಹೆಚ್ಚಿದ ಅಪಾಯದ ವಲಯ ಒಂದು ದಿಕ್ಕಿನಲ್ಲಿ 2,200 ಮೀಟರ್‌ವರೆಗೂ ಚಾಚಿತ್ತು. ಆ ಪ್ರದೇಶದಲ್ಲಿ ಗಾಳಿ ಹೆಚ್ಚಾಗಿ ಬೀಸುವುದೂ ಅದೇ ದಿಕ್ಕಿಗೆ. ಕೆಲಸದ ದಾಖಲೆಯನ್ನು ಬದಿಗಿಟ್ಟು ವಿಳಾಸವನ್ನೂ ಗಾಳಿಯ ದಿಕ್ಕನ್ನೂ ಕೇಳಿದ್ದಕ್ಕೆ ಈ ಉತ್ತರ ಸಿಕ್ಕಿತು.

ವಿಳಾಸ ಯಾಕೆ ಮುಖ್ಯ ಎಂಬುದಕ್ಕೆ ಕಲ್ನಾರಿನ ಗುಣದಲ್ಲೇ ಉತ್ತರವಿದೆ. ಇದು ಎಳೆಎಳೆಯಾಗಿ ಬೆಳೆಯುವ ಖನಿಜ. ಕುಟ್ಟಿದರೆ, ಕತ್ತರಿಸಿದರೆ ಬಾಳೆನಾರನ್ನು ಸೀಳಿದಂತೆ ಉದ್ದಕ್ಕೇ ಸೀಳುತ್ತಾ ಕಣ್ಣಿಗೆ ಕಾಣದಷ್ಟು ತೆಳ್ಳಗಾಗುತ್ತದೆ. ಅಂಥ ಎಳೆಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿಂದ ಅದರ ಪೊರೆಯನ್ನೂ ಮುಟ್ಟುತ್ತವೆ. ಹೊರಗಿನ ಕಣಗಳನ್ನು ನುಂಗಿ ತೆಗೆದುಹಾಕುವ ರಕ್ಷಕ ಕೋಶಗಳಿಗೆ ಅಷ್ಟುದ್ದದ ಎಳೆಯನ್ನು ಪೂರ್ತಿ ನುಂಗಲಾಗುವುದಿಲ್ಲ. ಉರಿಯೂತ ವರ್ಷಾನುಗಟ್ಟಲೆ ನಡೆಯುತ್ತಲೇ ಇರುತ್ತದೆ, ಕೋಶಗಳ ವಂಶವಾಹಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ರೋಗ ತಲೆಯೆತ್ತಲು ಸಾಮಾನ್ಯವಾಗಿ ಇಪ್ಪತ್ತರಿಂದ ಐವತ್ತು ವರ್ಷ ಬೇಕು. ಮೊದಲ ಸಂಪರ್ಕವಾಗಿ ಎಷ್ಟು ವರ್ಷ ಕಳೆದಿದೆ ಎಂಬುದರ ಮೂರನೆಯ ಅಥವಾ ನಾಲ್ಕನೆಯ ಘಾತದಷ್ಟು ವೇಗದಲ್ಲಿ ಮೆಸೊಥೀಲಿಯೋಮಾದ ಅಪಾಯ ಏರುತ್ತದೆ ಎಂಬುದು ಸಾಂಕ್ರಾಮಿಕಶಾಸ್ತ್ರದ ಲೆಕ್ಕ. ಅಂದರೆ ನಲವತ್ತರಲ್ಲಿ ಕೆಲಸಕ್ಕೆ ಸೇರಿದವನಿಗಿಂತ ನಾಲ್ಕನೆಯ ವಯಸ್ಸಿಗೇ ದೂಳಿನ ಅಂಗಳದಲ್ಲಿ ಆಡಿದ ಮಗುವಿನ ಮುಂದೆ ಹೆಚ್ಚು ವರ್ಷಗಳಿವೆ. ಕಾಯಿಲೆಗೆ ಸಿಗುವ ಕಾಲಾವಕಾಶವೂ ಹೆಚ್ಚು.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಎಲ್ಲ ಬಗೆಯ ಕಲ್ನಾರೂ ಮೆಸೊಥೀಲಿಯೋಮಾದ ಜೊತೆಗೆ ಶ್ವಾಸಕೋಶ, ಗಂಟಲಿನ ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರನ್ನೂ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಮೆಸೊಥೀಲಿಯೋಮಾ ಅಪರೂಪವಾದ್ದರಿಂದ ಅದು ಎದ್ದು ಕಾಣುತ್ತದೆ, ಕಲ್ನಾರಿನ ಕಡೆಗೆ ಬೆರಳು ತೋರಿಸುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಹಾಗಲ್ಲ. ಬೀಡಿ ಸೇದಿದವರಿಗೆ ಬೀಡಿಯ ಮೇಲೆ, ಸೇದದವರಿಗೆ ಒಲೆಯ ಹೊಗೆಯ ಮೇಲೆ ದೂರು ಹೊರಿಸಿ ಫೈಲು ಮುಚ್ಚಿಬಿಡಬಹುದು. ಕಲ್ನಾರು ಮತ್ತು ತಂಬಾಕು ಸೇರಿದಾಗ ಒಂದರ ಅಪಾಯವನ್ನು ಇನ್ನೊಂದು ಹೆಚ್ಚಿಸುತ್ತದೆ ಎಂಬ ಸತ್ಯ ಆ ಫೈಲಿನಲ್ಲಿ ದಾಖಲಾಗುವುದೇ ಇಲ್ಲ. ನೆರೆಯವರ ನಷ್ಟವನ್ನು ಮೆಸೊಥೀಲಿಯೋಮಾದ ಸಂಖ್ಯೆಯಿಂದಷ್ಟೇ ಅಳೆದರೆ ಅದು ಕನಿಷ್ಠ ಅಂದಾಜು ಮಾತ್ರ.

ಹಾಗಾದರೆ ನ್ಯಾಯ ಎಲ್ಲಿ ಸಿಗುತ್ತದೆ? ಅಪರಾಧಿಯನ್ನು ಹಿಡಿದು ಶಿಕ್ಷಿಸಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಸಹಜವಾದ ನಿರೀಕ್ಷೆ. ಕಸಾಲೆಯ ಜನ ಅದನ್ನೇ ನಂಬಿ ಹೋರಾಡಿದರು. 2012ರಲ್ಲಿ ಟ್ಯೂರಿನ್ ನ್ಯಾಯಾಲಯ ಎಟರ್ನಿಟ್‌ನ ಇಬ್ಬರು ಹಿಂದಿನ ಮುಖ್ಯಸ್ಥರಿಗೆ ತಲಾ ಹದಿನಾರು ವರ್ಷ ಶಿಕ್ಷೆ ಕೊಟ್ಟಿತು. ಮರುವರ್ಷ ಮೇಲ್ಮನವಿಯಲ್ಲಿ, ಇಬ್ಬರಲ್ಲಿ ಬದುಕಿದ್ದ ಶ್ಮಿಡ್‌ಹೈನಿಯ ಶಿಕ್ಷೆ ಹದಿನೆಂಟಕ್ಕೆ ಏರಿತು. 2014ರ ನವೆಂಬರಿನಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಎಲ್ಲವನ್ನೂ ರದ್ದು ಮಾಡಿತು. ಕಾರ್ಖಾನೆ ಮುಚ್ಚಿದ 1986ಕ್ಕೇ ಅಪರಾಧ ಮುಗಿದಿದೆ, ಹಾಗಾಗಿ ಕಾಲಮಿತಿ ಮೀರಿದೆ ಎಂಬುದು ಕಾರಣ. ಜನ ಆಗಲೂ ಸಾಯುತ್ತಿದ್ದರು, ಆದರೆ ಕಾನೂನಿನ ಕಣ್ಣಿನಲ್ಲಿ ಅಪರಾಧ ಮುಗಿದುಹೋಗಿತ್ತು. ಆಮೇಲೆ ಕೊಲೆಗೆ ಸಮಾನವಾದ ಆರೋಪದ ಮೇಲೆ ಹೊಸ ಮೊಕದ್ದಮೆ ನಡೆಯಿತು. ಅದರ 392 ಸಾವುಗಳಲ್ಲಿ ನೊವಾರಾ ನ್ಯಾಯಾಲಯ ಅಜಾಗರೂಕತೆಯಿಂದಾದ ನರಹತ್ಯೆ ಎಂದು ಶ್ಮಿಡ್‌ಹೈನಿಯನ್ನು ಹೊಣೆ ಮಾಡಿದ್ದು 147ಕ್ಕೆ. 46ರಲ್ಲಿ ಖುಲಾಸೆ, ಉಳಿದ 199ಕ್ಕೆ ಮತ್ತೆ ಕಾಲಮಿತಿಯ ತಡೆ. 2025ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಒಂಬತ್ತೂವರೆ ವರ್ಷಕ್ಕೆ ಇಳಿಸಿತು. ಶ್ಮಿಡ್‌ಹೈನಿ ಆರೋಪಗಳನ್ನು ನಿರಾಕರಿಸುತ್ತಲೇ ಬಂದಿದ್ದಾರೆ.

ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿಯಲ್ಲೂ ಕ್ರಿಮಿನಲ್ ಮೊಕದ್ದಮೆ ಫಲ ಕೊಡಲಿಲ್ಲ. ಅಲ್ಲಿ ಡಬ್ಲ್ಯೂ.ಆರ್. ಗ್ರೇಸ್ ಕಂಪನಿಯ ವರ್ಮಿಕ್ಯುಲೈಟ್ ಗಣಿಯ ಅದಿರಿನಲ್ಲಿ ಕಲ್ನಾರು ಬೆರೆತಿತ್ತು. ಗಣಿ 1990ರಲ್ಲಿ ಮುಚ್ಚಿತು. ಅದರ ಪುಡಿ ಅಷ್ಟರಲ್ಲಿ ತೋಟಗಳನ್ನೂ ಮನೆಯ ಅಟ್ಟಗಳನ್ನೂ ಶಾಲೆಯ ಓಟದ ಅಂಗಳವನ್ನೂ ಸೇರಿಯಾಗಿತ್ತು. 1999ರಲ್ಲಿ ಸಿಯಾಟಲ್‌ನ ಪತ್ರಿಕೆಯೊಂದು ಸಾವುಗಳ ಸರಣಿಯನ್ನು ಬಯಲಿಗೆಳೆಯಿತು. 2009ರ ಮೇ ತಿಂಗಳಲ್ಲಿ ಜ್ಯೂರಿ ಕಂಪನಿಯನ್ನೂ ಅದರ ಅಧಿಕಾರಿಗಳನ್ನೂ ದೋಷಮುಕ್ತಗೊಳಿಸಿತು.

ಆದರೆ ಲಿಬ್ಬಿಯಲ್ಲಿ ನಂತರ ಆದದ್ದು ಗಮನಾರ್ಹ. ತೀರ್ಪು ಬಂದ ಮರುತಿಂಗಳೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ಊರಿನಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. 2010ರ ಆರೋಗ್ಯ ಸುಧಾರಣಾ ಕಾಯ್ದೆಯಲ್ಲಿ ಒಂದು ವಿಶೇಷ ಕಲಮು ಸೇರಿತು. ರೋಗ ಪತ್ತೆಯಾಗುವ ಮುಂಚೆ ನಿಗದಿತ ಅವಧಿಯಲ್ಲಿ ಕನಿಷ್ಠ ಆರು ತಿಂಗಳು ಆ ಪ್ರದೇಶದಲ್ಲಿ ಇದ್ದವರಿಗೆ ಕಲ್ನಾರಿನ ಕಾಯಿಲೆ ಬಂದರೆ, ವಯಸ್ಸು ಎಷ್ಟೇ ಇರಲಿ, ವೃದ್ಧರಿಗೆಂದು ಇರುವ ಸರ್ಕಾರಿ ವಿಮೆ ಮೆಡಿಕೇರ್ ಸಿಗುತ್ತದೆ. ಯಾರು ತಪ್ಪಿತಸ್ಥರು ಎಂದು ರೋಗಿ ಸಾಬೀತು ಮಾಡಬೇಕಿಲ್ಲ. ಅಲ್ಲಿ ವಾಸವಿದ್ದೆ ಎಂದು ತೋರಿಸಿದರೆ ಸಾಕು.

ಜಪಾನ್ ಇನ್ನೂ ಮುಂದೆ ಹೋಯಿತು. ಕುಬೋಟಾ ಪ್ರಕರಣ ಬಯಲಾದ ವರ್ಷದೊಳಗೇ, 2006ರ ಮಾರ್ಚ್‌ನಲ್ಲಿ, ಕಲ್ನಾರು ಸಂತ್ರಸ್ತರ ನೆರವಿನ ಕಾಯ್ದೆ ಜಾರಿಗೆ ಬಂತು. ಕಾರ್ಮಿಕ ವಿಮೆಯ ವ್ಯಾಪ್ತಿಗೆ ಬರದ ಗೃಹಿಣಿ, ಅಂಗಡಿಯವ, ಶಾಲಾ ಶಿಕ್ಷಕಿ ಯಾರೇ ಇರಲಿ, ಮೆಸೊಥೀಲಿಯೋಮಾ ಎಂದು ಖಚಿತವಾದರೆ ಚಿಕಿತ್ಸೆಯ ವೆಚ್ಚವೂ ತಿಂಗಳಿಗೆ ಸುಮಾರು ಒಂದು ಲಕ್ಷ ಯೆನ್ ಭತ್ಯೆಯೂ ದೊರೆಯುತ್ತದೆ. ಇದಕ್ಕೆ ಹಣ ಸರ್ಕಾರದ್ದಷ್ಟೇ ಅಲ್ಲ, ದೇಶದ ಉದ್ಯಮಗಳೂ ವಂತಿಗೆ ಕೊಡುತ್ತವೆ. ಕಲ್ನಾರಿನ ಲಾಭ ಇಡೀ ಕೈಗಾರಿಕಾ ಸಮಾಜಕ್ಕೆ ಸಿಕ್ಕಿದೆ, ನಷ್ಟವೂ ಅದಕ್ಕೇ ಸೇರಬೇಕು ಎಂಬ ತರ್ಕ ಇದರ ಹಿಂದಿದೆ. ಕುಬೋಟಾ ಕಂಪನಿಯೂ ಕಾನೂನಾತ್ಮಕ ಹೊಣೆಯನ್ನು ಒಪ್ಪದೆಯೇ, ಕಾರ್ಖಾನೆಯಿಂದ ಒಂದು ಕಿಲೋಮೀಟರ್ ಒಳಗೆ ವಾಸವಿದ್ದ ರೋಗಿಗಳಿಗೆ 2.5 ಕೋಟಿಯಿಂದ 4.6 ಕೋಟಿ ಯೆನ್‌ವರೆಗೆ ಕೊಡಲು ಮುಂದೆ ಬಂತು.

ಇಟಲಿ, ಅಮೆರಿಕ, ಜಪಾನಿನ ಈ ಅನುಭವಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ವಿಚಾರ ಖಚಿತವಾಗುತ್ತದೆ. ಕಾಯಿಲೆ ನಲವತ್ತು ವರ್ಷ ತಡವಾಗಿ ಬರುತ್ತದೆ. ಅಷ್ಟರಲ್ಲಿ ಕಂಪನಿ ಮುಳುಗಿರುತ್ತದೆ, ಮಾಲೀಕರು ತೀರಿಕೊಂಡಿರುತ್ತಾರೆ, ಕಾಲಮಿತಿ ಮುಗಿದಿರುತ್ತದೆ. ಅಪರಾಧದ ವಿಚಾರಣೆ ನಡೆಯಲಿ, ಅದು ನಡೆಯಲೇಬೇಕು. ಆದರೆ ಉಸಿರಾಡಲು ಒದ್ದಾಡುತ್ತಿರುವ ರೋಗಿಯ ಚಿಕಿತ್ಸೆಯನ್ನು ಆ ವಿಚಾರಣೆಯ ಫಲಿತಾಂಶಕ್ಕೆ ಗಂಟು ಹಾಕಬಾರದು.

ಭಾರತದಲ್ಲಿ ಈ ಗಂಟು ಇನ್ನೂ ಬಿಗಿಯಾಗಿದೆ. 1948ರ ಕಾರ್ಖಾನೆ ಕಾಯ್ದೆ ಕಲ್ನಾರಿನಿಂದ ಬರುವ ಶ್ವಾಸಕೋಶದ ಕಾಯಿಲೆಯನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಅದು ಕಾರ್ಖಾನೆಯೊಳಗಿನವರಿಗೆ. 1995ರ ಜನವರಿಯಲ್ಲಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನಿಜಕ್ಕೂ ದೊಡ್ಡ ತೀರ್ಪು ಕೊಟ್ಟಿತು. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಪಾಡಬೇಕು, ರೋಗ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಕೊಡಬೇಕು ಎಂದಿತು. ರೋಗ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡ ತೀರ್ಪು ಅದು. ಆದರೆ ಅಲ್ಲೂ ಮಾತು ಕಾರ್ಮಿಕರದ್ದೇ. ಕಾರ್ಮಿಕರಲ್ಲದವರಿಗಾಗಿ 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಇದೆ, ಅದು ಅನ್ವಯಿಸುವುದು ಅಪಘಾತಗಳಿಗೆ. ದಿನವೂ ಸ್ವಲ್ಪ ಸ್ವಲ್ಪವಾಗಿ ಬೀಳುವ ದೂಳು ಅಪಘಾತವಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಪರಿಹಾರ ಕೇಳಿ ಹೋಗಬಹುದು, ಆದರೆ 2010ರ ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ನಲವತ್ತು ವರ್ಷದ ಕಾಯಿಲೆಗೆ ಐದು ವರ್ಷದ ಬಾಗಿಲು. ಕಸಾಲೆಯ ಜನ ಸೋತ ಆ ಕಾಲಮಿತಿಯ ತಕರಾರಿಗೆ ಇಲ್ಲಿ ಮೊದಲೇ ಜಾಗ ಮಾಡಿಕೊಟ್ಟಂತಾಗಿದೆ.

ಅಂಥ ನೆಲಗಳು ಇಲ್ಲಿಲ್ಲವೆಂದೇನಲ್ಲ. ಮಧ್ಯಪ್ರದೇಶದ ಕಟನಿ ಜಿಲ್ಲೆಯ ಕೈಮೋರ್‌ನಲ್ಲಿ 1930ರ ದಶಕದಿಂದ ಕಲ್ನಾರು ಸಿಮೆಂಟ್ ಕಾರ್ಖಾನೆ ಇದೆ; ಒಂದು ಕಾಲದಲ್ಲಿ ಅದು ಎಟರ್ನಿಟ್ ಹೆಸರನ್ನೂ ಹೊತ್ತಿತ್ತು. ವರ್ಷಗಟ್ಟಲೆ ಕಾರ್ಖಾನೆಯ ತ್ಯಾಜ್ಯವನ್ನು ಬಯಲಿಗೆ ಸುರಿದ ನೆಲದ ಮೇಲೆ ಅಲ್ಲಿ ಜನವಸತಿ ಬೆಳೆದಿದೆ. ಜಾರ್ಖಂಡದ ಚಾಯಿಬಾಸಾ ಸಮೀಪದ ರೋರೋ ಗುಡ್ಡದ ಕಲ್ನಾರು ಗಣಿ 1983ರಲ್ಲಿ ನಿಂತಿತು, ತ್ಯಾಜ್ಯದ ರಾಶಿ ಅಲ್ಲೇ ಉಳಿಯಿತು. ಮಳೆಗೆ ಅದು ಕೊಚ್ಚಿ ಕೆಳಗಿನ ಹೋ ಆದಿವಾಸಿಗಳ ಗದ್ದೆಗಳಿಗೆ ಇಳಿಯುತ್ತದೆ. ಕರ್ನಾಟಕದಲ್ಲೂ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲ ಶಿಲಾಪಟ್ಟಿಯಲ್ಲಿ ಕಲ್ನಾರಿನ ನಿಕ್ಷೇಪಗಳನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಎಲ್ಲಿ ಅಗೆತ ನಡೆದಿತ್ತು, ತ್ಯಾಜ್ಯ ಎಲ್ಲಿ ಬಿದ್ದಿದೆ ಎಂಬ ಪಟ್ಟಿಯನ್ನು ರಾಜ್ಯದ ಗಣಿ ಇಲಾಖೆಯೇ ಸಾರ್ವಜನಿಕರ ಮುಂದಿಡಬೇಕು.

ಭಾರತದಲ್ಲಿ ಮೆಸೊಥೀಲಿಯೋಮಾ ಪ್ರಕರಣಗಳೇ ಇಲ್ಲವಲ್ಲ ಎಂದು ಉದ್ಯಮದ ಪರವಾದ ವಾದ ಆಗಾಗ ಕೇಳಿಬರುತ್ತದೆ. ಕಿಂಬರ್ಲಿಯಲ್ಲೂ ಇರಲಿಲ್ಲ, ಸ್ಲೆಗ್ಸ್ ಅನುಮಾನಪಡುವವರೆಗೆ. ಎದೆಯಲ್ಲಿ ನೀರು ತುಂಬಿಕೊಂಡು ಬಂದವರಿಗೆ ಭಾರತದ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಮೊದಲು ಸಿಗುವುದು ಟಿ.ಬಿ. ಮಾತ್ರೆ. ಕ್ಷಯದ ಹೊರೆ ಅಷ್ಟಿರುವಾಗ ವೈದ್ಯರ ಆ ನಿರ್ಧಾರವನ್ನು ತಪ್ಪೆನ್ನಲಾಗದು. ಆದರೆ ಮಾತ್ರೆ ಕೆಲಸ ಮಾಡದಿದ್ದಾಗ ಪೊರೆಯ ತುಣುಕು ತೆಗೆದು ಪರೀಕ್ಷಿಸುವ ಸೌಲಭ್ಯ ಎಷ್ಟು ಊರುಗಳಲ್ಲಿದೆ? ‘ಚಿಕ್ಕಂದಿನಲ್ಲಿ ಯಾವ ಊರಲ್ಲಿದ್ದಿರಿ, ಹತ್ತಿರ ಯಾವ ಕಾರ್ಖಾನೆಯಿತ್ತು’ ಎಂದು ಕೇಳುವವರು ಯಾರು? ಕೇಳದ ಪ್ರಶ್ನೆಗೆ ಉತ್ತರ ದಾಖಲಾಗುವುದಿಲ್ಲ. ಆ ಮೌನವನ್ನೇ ಆರೋಗ್ಯದ ಪುರಾವೆಯೆಂದು ಮುಂದಿಡುವುದು ವಿಜ್ಞಾನವಲ್ಲ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಕಸಾಲೆ, ಅಮಗಸಾಕಿಗಳಲ್ಲಿ ಹಾನಿ ಮಾಡಿದ್ದರಲ್ಲಿ ನೀಲಿ ಕಲ್ನಾರಿನ ಪಾಲು ದೊಡ್ಡದು. ಭಾರತ ಈಗ ಆಮದು ಮಾಡಿಕೊಳ್ಳುವುದು ಬಿಳಿ ಕಲ್ನಾರನ್ನು, ಅಂದರೆ ಕ್ರೈಸೊಟೈಲನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುತ್ತಾರೆ. ಮೆಸೊಥೀಲಿಯೋಮಾದ ಮಟ್ಟಿಗೆ ನೀಲಿ ಕಲ್ನಾರು ಬಿಳಿಯದಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ ಎಂಬುದನ್ನು ಅಧ್ಯಯನಗಳು ಒಪ್ಪುತ್ತವೆ. ಆದರೆ ‘ಕಡಿಮೆ ಅಪಾಯ’ ಎಂದರೆ ‘ನಿರಪಾಯ’ ಎಂದಲ್ಲ. ಬಿಳಿ ಕಲ್ನಾರೂ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿನಲ್ಲೇ ಇದೆ. ಮೇಲಾಗಿ ಭಾರತ ವರ್ಷಕ್ಕೆ ತರಿಸಿಕೊಳ್ಳುವುದು ಮೂರು ಲಕ್ಷ ಟನ್ನಿಗೂ ಹೆಚ್ಚು. ‘ನಿಯಂತ್ರಿತ ಬಳಕೆ’ ಎಂಬ ಭರವಸೆ ಒಳ್ಳೆಯ ಕಾರ್ಖಾನೆಯ ಗೋಡೆಯೊಳಗೆ ನಡೆದೀತು. ಶೀಟನ್ನು ಓಣಿಯಲ್ಲಿ ವಿದ್ಯುತ್ ಗರಗಸ ಹಿಡಿದು ಕೊಯ್ಯುವ ಹುಡುಗನಿಗೂ, ಹಳೆಯ ಶೆಡ್ ಕೆಡವಿದ ಚೂರುಗಳನ್ನು ಕೆರೆಯಂಚಿಗೆ ಸುರಿಯುವ ಟ್ರ್ಯಾಕ್ಟರಿಗೂ ಆ ನಿಯಂತ್ರಣ ತಲುಪುವುದಿಲ್ಲ. ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ.

ಹಾಗೆಂದು ಶೀಟಿನ ಮನೆಯಲ್ಲಿರುವ ಬಡವರನ್ನು ಹೆದರಿಸುವುದೂ ಸರಿಯಲ್ಲ. ಒಡೆಯದ, ಕೊರೆಯದ ಶೀಟಿನ ಕೆಳಗೆ ಮಲಗುವುದಕ್ಕೂ ದೂಳುಗುಳುವ ಕಾರ್ಖಾನೆಯ ಮಗ್ಗುಲಲ್ಲಿ ಬೆಳೆಯುವುದಕ್ಕೂ ಬಹಳ ಅಂತರವಿದೆ. ಶೀಟು ಸವೆದು ಪುಡಿಯುದುರಿದಾಗ, ತೂತು ಕೊರೆದಾಗ, ಕಿತ್ತೆಸೆದಾಗ ಅಪಾಯ ಏರುತ್ತದೆ. ಹಾಗಾಗಿ ಮೊದಲ ಆದ್ಯತೆ ಅತಿ ಹೆಚ್ಚು ದೂಳು ಬಿದ್ದ ಜಾಗಗಳಿಗೆ ಸಿಗಬೇಕು.

ಆಗಬೇಕಾದ ಕೆಲಸಗಳು ಕೈಗೆಟುಕದವೇನಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮಕ್ಕೆ ಮೊದಲಿಗೇ ಸೇರಿದವುಗಳಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಯೂ ಒಂದು. ಅದು 1982ರಿಂದ ಅಂಕಿಅಂಶ ಕಲೆಹಾಕುತ್ತಿದೆ. ಇಂಥ ನೋಂದಣಿಗಳಲ್ಲಿ ಪ್ರತಿಯೊಬ್ಬ ಮೆಸೊಥೀಲಿಯೋಮಾ ರೋಗಿಯ ಈಗಿನ ವಿಳಾಸದ ಜೊತೆ ಹುಟ್ಟಿ ಬೆಳೆದ ಊರುಗಳ, ಮಾಡಿದ ಕೆಲಸಗಳ, ಮನೆಯವರ ಕೆಲಸಗಳ ವಿವರವನ್ನೂ ಕಡ್ಡಾಯವಾಗಿ ಬರೆದುಕೊಳ್ಳಬೇಕು. ಕಲುಷಿತ ನೆಲಗಳ ಸುತ್ತ ಇದ್ದವರ ಪಟ್ಟಿಯನ್ನು ರೋಗ ಬಂದ ಮೇಲೆ ಹುಡುಕದೆ ಈಗಲೇ ಮಾಡಿಡಬೇಕು. ರೇಷನ್ ಕಾರ್ಡ್, ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ ಇವು ಯಾವ ಹಾಜರಿ ಪುಸ್ತಕಕ್ಕೂ ಕಡಿಮೆಯಿಲ್ಲದ ಸಾಕ್ಷಿಗಳು. ಹಸಿರು ನ್ಯಾಯಮಂಡಳಿ ಕಾಯ್ದೆಯ ಐದು ವರ್ಷದ ಮಿತಿ, ಕಲ್ನಾರಿನಂಥ ನಿಧಾನದ ಕಾಯಿಲೆಗಳಲ್ಲಿ ರೋಗ ಖಚಿತವಾದ ದಿನದಿಂದ ಶುರುವಾಗುವಂತೆ ಸಂಸತ್ತು ತಿದ್ದುಪಡಿ ಮಾಡಬೇಕು.

ಹಣ ಎಲ್ಲಿಂದ ಎಂಬುದಕ್ಕೂ ಉತ್ತರವಿದೆ. ಕಲ್ನಾರು ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದನ್ನು ಸರ್ಕಾರ 1986ರಲ್ಲೇ ನಿಲ್ಲಿಸಿದೆ, 1993ರಿಂದ ಹಳೆಯದರ ನವೀಕರಣವನ್ನೂ ತಡೆದಿದೆ. ಈಗ ಬಳಕೆಯಾಗುವ ಕಲ್ನಾರು ಬಹುಪಾಲು ಹಡಗಿನಲ್ಲಿ ಬರುತ್ತದೆ, ಪ್ರತಿ ಟನ್ನಿನ ಲೆಕ್ಕವೂ ಬಂದರಿನ ಕಸ್ಟಮ್ಸ್ ಇಲಾಖೆಯ ಹತ್ತಿರ ಇರುತ್ತದೆ. ಟನ್ನಿಗಿಷ್ಟು ಎಂದು ಸೆಸ್ ಹಾಕಿ ಜಪಾನಿನ ಮಾದರಿಯ ನಿಧಿಯನ್ನು ಕಟ್ಟಲು ಹೊಸ ಸಂಶೋಧನೆಯೂ ಬೇಡ, ಹೊಸ ಆಯೋಗವೂ ಬೇಡ. ಆಮದು ಪೂರ್ತಿ ನಿಂತ ಮೇಲೂ ಮುಂದಿನ ನಲವತ್ತು ವರ್ಷದ ರೋಗಿಗಳಿಗೆ ಬೇಕಾಗುವಷ್ಟನ್ನು ಆಮದು ನಡೆಯುತ್ತಿರುವಾಗಲೇ ಕೂಡಿಡಬೇಕು. ಆ ನಿಧಿಯ ಮೊದಲ ಕಂತು ಕೈಮೋರ್‌ನ ಕಲುಷಿತ ನೆಲವನ್ನು ಮುಚ್ಚಿ ಅಲ್ಲಿನವರಿಗೆ ಬೇರೆ ಜಾಗ ಕೊಡಲು, ರೋರೋ ಗುಡ್ಡದ ರಾಶಿಯನ್ನು ಮಳೆಗೆ ಇಳಿಯದಂತೆ ಭದ್ರಪಡಿಸಲು, ಎರಡೂ ಕಡೆ ಪ್ರತಿ ಮನೆಗೆ ಹೋಗಿ ಎದೆಯ ತಪಾಸಣೆ ನಡೆಸಲು ಖರ್ಚಾಗಬೇಕು.